ಕಾಡಿನ ಕಲ್ಲುಹಾದಿಯಲ್ಲಿ ಸೈಕಲ್: ಬೆಳಗಾವಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ಜಾಂಬೋಟಿ ರಸ್ತೆಯ ಚಹಾದಂಗಡಿ ಮುಂದೆ ಸೈಕಲ್ ಒರಗಿಸಿದರೆ ಸಾಕು, ಯಾರಾದರೂ ಬಂದು ದಪ್ಪ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಆಮೇಲೆ ಪ್ರಶ್ನೆ ಶುರುವಾಗುತ್ತವೆ. ಅಲ್ಲಿ ಕೇಳಿದವು, ಫೋನಿನಲ್ಲಿ ಕೇಳಿದವು, ಪತ್ರ ಬರೆದು ಕೇಳಿದವು ಎಲ್ಲ ಸೇರಿಸಿ ಇಲ್ಲಿ ಇಟ್ಟಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಹೊಸಬರು ಮೊದಲಿನಿಂದ ಓದಿ, ಹಳಬರು ಕೆಳಗಿನ ಭಾಗಕ್ಕೆ ನೇರ ಹೋಗಬಹುದು.

## ಮೊದಲ ಸಲ ಹೊರಡುವವರಿಗೆ

ಕಾಡಾಗ ಸೈಕಲ್ ಹೊಡಿಯೋದು ಅಂದ್ರ ಏನ್ರಿ? ಅಲ್ಲಿ ರಸ್ತೆ ಇರ್ತದೇನು?

ರಸ್ತೆ ಇರುವುದಿಲ್ಲ. ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲದ ಕಾಲುದಾರಿ ಇರುತ್ತದೆ. ಸವಾರರು ಅದನ್ನು ಸಿಂಗಲ್‌ಟ್ರ್ಯಾಕ್ ಅನ್ನುತ್ತಾರೆ. ಹೊರದೇಶಗಳಲ್ಲಿ ಇಂಥ ಹಾದಿಯನ್ನು ಸೈಕಲ್‌ಗೆಂದೇ ಕಡಿಯುತ್ತಾರೆ. ನಮ್ಮ ಖಾನಾಪುರ ಕಡೆ ಹಾಗಲ್ಲ. ದನ, ಎಮ್ಮೆ, ಸೌದೆ ಹೊರುವವರು, ಪಕ್ಕದೂರಿನ ಗುಡಿಗೆ ಹೋಗುವವರು ತುಳಿದು ತುಳಿದು ಆದ ಹಾದಿಗಳಿವು. ನಡುವೆ ಬೇರು, ಕಲ್ಲು, ಮಳೆನೀರು ಕೊರೆದ ಕೊರಕಲು ಎಲ್ಲ ಇರುತ್ತವೆ.

ಈ ಆಟ ರೂಪ ಪಡೆದದ್ದು 1970ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಹಳೇ ಭಾರದ ಸೈಕಲ್‌ಗಳನ್ನು ಗುಡ್ಡದಿಂದ ಇಳಿಸುತ್ತಿದ್ದ ಹುಡುಗರಿಂದ ಶುರುವಾಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಅದಕ್ಕೂ ಜಾಗ ಸಿಕ್ಕಿತು.

ನನ್ನ ಹತ್ರ ಸಾದಾ ಗೇರ್ ಸೈಕಲ್ ಐತಿ. ಅದು ನಡೀತೈತೇನು?

ಮೊದಲ ಆರು ತಿಂಗಳು ಧಾರಾಳವಾಗಿ ನಡೆಯುತ್ತದೆ. ಮೂರೇ ಸಂಗತಿ ನೋಡಿಕೊಳ್ಳಿ. ಎರಡೂ ಬ್ರೇಕು ಸರಿಯಾಗಿ ಹಿಡಿಯಬೇಕು. ಟೈರಿನ ಮೇಲಿನ ಉಬ್ಬು ಗುಬ್ಬಿಗಳು ಸವೆಯದೆ ಉಳಿದಿರಬೇಕು. ಹ್ಯಾಂಡಲ್, ಸೀಟು, ಪೆಡಲ್ ಯಾವುದೂ ಅಲುಗಾಡಬಾರದು. ಸೈಕಲನ್ನು ಒಂದು ಗೇಣು ಎತ್ತಿ ನೆಲಕ್ಕೆ ಬಿಡಿ. ಟೈರಿನ ಸದ್ದು ಬಿಟ್ಟು ಬೇರೆ ಖಡಖಡ ಕೇಳಿದರೆ ಏನೋ ಸಡಿಲ ಇದೆ ಅಂತ ಅರ್ಥ, ಅದನ್ನು ಹುಡುಕಿ ಬಿಗಿ ಮಾಡಿಯೇ ಹೊರಡಿ.

ಹೊಸಾದು ತಗೊಳ್ಳೋದಾದ್ರೆ ಏನು ನೋಡಬೇಕು? 29 ಇಂಚಿನ ಗಾಲಿನೋ, 27.5 ಇಂಚಿಂದೋ?

ಗಾಲಿಯ ಲೆಕ್ಕ ಆಮೇಲೆ. ಮೊದಲು ಅಳತೆ ನೋಡಿ. ಸೈಕಲ್ ಮೇಲೆ ಕಾಲಿಳಿಸಿ ನಿಂತಾಗ ನಡುವಿನ ಪೈಪಿಗೂ ನಿಮಗೂ ಎರಡು ಮೂರು ಇಂಚು ಜಾಗ ಇರಬೇಕು. ಆಮೇಲೆ ಬ್ರೇಕು. ಕೇಬಲ್ ಡಿಸ್ಕ್‌ಗಿಂತ ಹೈಡ್ರಾಲಿಕ್ ಡಿಸ್ಕ್ ಬ್ರೇಕಿಗೆ ಜಾಸ್ತಿ ದುಡ್ಡು ಕೊಟ್ಟರೂ ನಷ್ಟವಿಲ್ಲ, ಒಂದೇ ಬೆರಳಿನಲ್ಲಿ ಹಿಡಿಯಬಹುದು. ಮೂರನೆಯದು ಮುಂದಿನ ಫೋರ್ಕು, ಅಂದರೆ ಮುಂದಿನ ಗಾಲಿಯನ್ನು ಹಿಡಿದಿರುವ ಕವಲು. ಸ್ಪ್ರಿಂಗ್ ಇರುವುದಕ್ಕಿಂತ ಹವಾ ತುಂಬುವ ಫೋರ್ಕು ಹಗುರ, ನಿಮ್ಮ ತೂಕಕ್ಕೆ ಹೊಂದಿಸಲೂಬಹುದು.

29 ಇಂಚಿನ ಗಾಲಿ ಕಲ್ಲಿನ ಮೇಲೆ ಸಲೀಸಾಗಿ ಉರುಳುತ್ತದೆ. 27.5 ಇಂಚಿನದು ತಿರುವಿನಲ್ಲಿ ಬೇಗ ಹೊರಳುತ್ತದೆ. ಐದಡಿ ಮೂರಿಂಚಿಗಿಂತ ಕುಳ್ಳಗಿದ್ದರೆ 27.5 ನೋಡಿ, ಉಳಿದವರು 29 ತಗೊಳ್ಳಿ. ಹಿಂದೆಯೂ ಕುಲುಕು ತಡೆಯುವ ಸಸ್ಪೆನ್ಷನ್ ಇರುವ ಅಗ್ಗದ ಸೈಕಲ್ ಮಾತ್ರ ಬೇಡವೇ ಬೇಡ. ಅದು ಭಾರ, ಏರಿನಲ್ಲಿ ಪ್ರತಿ ತುಳಿತಕ್ಕೂ ಕುಪ್ಪಳಿಸುತ್ತದೆ, ವರ್ಷದೊಳಗೆ ಬುಷ್ ಸವೆಯುತ್ತದೆ.

ನಾನು ವಿಜಯಪುರದಾಂವ. ರಸ್ತಾ ರೇಸ್ ಹೊಡದೀನಿ. ಅದೇ ಸೈಕಲ್ ತರ್ಲಿ?

ಸೈಕಲ್ ಬೇಡ, ಕಾಲು ತನ್ನಿ. ವಿಜಯಪುರ, ಬಾಗಲಕೋಟೆಯ ಹುಡುಗ ಹುಡುಗಿಯರು ಟ್ರ್ಯಾಕ್ ಮತ್ತು ರಸ್ತೆ ಸೈಕ್ಲಿಂಗ್‌ನಲ್ಲಿ ರಾಜ್ಯಕ್ಕೇ ಹೆಸರು ತಂದವರು. ಆ ದಮ್ಮು ಏರಿನಲ್ಲಿ ಖಂಡಿತ ಉಪಯೋಗಕ್ಕೆ ಬರುತ್ತದೆ. ಆದರೆ ರೇಸ್ ಸೈಕಲ್ಲಿನ ಟೈರು 25 ರಿಂದ 28 ಮಿಲಿಮೀಟರ್, ಇಲ್ಲಿ ಬೇಕಾದದ್ದು ಅದರ ಎರಡು ಪಟ್ಟು. ಇನ್ನೊಂದು ಮಾತು: ರಸ್ತೆಯವರಿಗೆ ಸೀಟಿನ ಮೇಲೆ ಕೂತೇ ಹೋಗುವ ರೂಢಿ ಇರುತ್ತದೆ. ಕಲ್ಲು ಬಂದಾಗ ಎದ್ದು ನಿಲ್ಲುವುದನ್ನು ಅವರು ಬೇರೆಯಾಗಿಯೇ ಕಲಿಯಬೇಕು.

ಹೆಲ್ಮೆಟ್ ಒಂದು ಇದ್ರೆ ಸಾಕಲ್ವಾ?

ಹೆಲ್ಮೆಟ್ ಇಲ್ಲದೆ ಹೊರಡಲೇಬೇಡಿ. ಮೊಣಕಾಲಿಗೆ ಪ್ಯಾಡು, ಪೂರ್ತಿ ಬೆರಳಿನ ಗ್ಲೌಸು ಕೂಡ ಬೇಕು. ಜಂಬಿಟ್ಟಿಗೆ ಕಲ್ಲಿನ ಮೇಲೆ ಬಿದ್ದ ಅಂಗೈ ತುರಿಮಣೆಗೆ ತಾಗಿದ ಹಾಗೆ ಆಗುತ್ತದೆ. ಒಂದು ಸಲ ಜೋರಾಗಿ ತಲೆ ಬಡಿದ ಹೆಲ್ಮೆಟ್ ಮೇಲೆ ಚೆನ್ನಾಗಿ ಕಂಡರೂ ಬದಲಾಯಿಸಿ. ಒಳಗಿನ ಥರ್ಮಾಕೋಲಿನಂಥ ಪದರ ಒಂದೇ ಪೆಟ್ಟು ತಾಳುವಂತೆ ಮಾಡಿದ್ದು.

ಎಲ್ಲಿಂದ ಶುರು ಮಾಡ್ಲಿ?

ಕಾಡಿನಿಂದ ಬೇಡ. ಯಳ್ಳೂರಿನ ರಾಜಹಂಸಗಡಕ್ಕೆ ಡಾಂಬರು ರಸ್ತೆಯಲ್ಲಿ ಹತ್ತಿ. ಉಸಿರಿನ ಲೆಕ್ಕ ಗೊತ್ತಾಗುತ್ತದೆ. ಆಮೇಲೆ ನಿಮ್ಮೂರಿನ ಹೊಲದ ಹಾದಿ, ಬದುವಿನ ಹಾದಿಗಳಲ್ಲಿ ಒಂದು ತಿಂಗಳು ಓಡಾಡಿ. ಒಂದು ಇಟ್ಟಿಗೆಯ ಎತ್ತರದ ಅಡ್ಡಿಯನ್ನು ನಿಲ್ಲದೆ ದಾಟಲು ಬಂದ ಮೇಲೆ ಕಲ್ಲುಹಾದಿ ಹುಡುಕಿ.

## ಕಾಡು, ಕಾಯಿದೆ, ಹವಾಮಾನ

ಭೀಮಗಡದೊಳಗೆ ಚಂದ ಹಾದಿ ಅದಾವಂತ. ಸುಮ್ನೆ ಹೋಗಿಬಿಡಬಹುದಾ?

ಹೋಗಬೇಡಿ. ಭೀಮಗಡ 2011ರಿಂದ ವನ್ಯಜೀವಿ ಅಭಯಾರಣ್ಯ. ಸುಮಾರು 190 ಚದರ ಕಿಲೋಮೀಟರ್ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಮತಿ ಇಲ್ಲದೆ ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಅಲ್ಲಿನ ಬಾರಾಪೇಡೆ ಗುಹೆಗಳಲ್ಲಿರುವ ರಾಟನ್ ಅನ್ನುವ ಅಪರೂಪದ ಬಾವಲಿ ಪ್ರಪಂಚದಲ್ಲೇ ಬೆರಳೆಣಿಕೆಯ ಕಡೆ ಮಾತ್ರ ಸಿಗುತ್ತದೆ. ಮಹದಾಯಿ ಹುಟ್ಟುವುದೂ ಅದೇ ಕಾಡಿನಲ್ಲಿ. ನಮ್ಮ ಖುಷಿಗೆ ಅಲ್ಲಿ ಗಲಾಟೆ ಮಾಡುವುದು ನನಗೆ ಮನಸ್ಸಿಗೇ ಒಪ್ಪುವುದಿಲ್ಲ.

ಅಭಯಾರಣ್ಯದ ಹೊರಗಿನ ಮೀಸಲು ಅರಣ್ಯಕ್ಕೂ ಕೇಳದೇ ನುಗ್ಗುವಂತಿಲ್ಲ. ಹಾದಿ ಯಾವ ವಲಯಕ್ಕೆ ಸೇರಿದೆಯೋ ಆ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ. ಎಷ್ಟು ಜನ, ಯಾವ ದಿನ, ಎಲ್ಲಿಂದ ಎಲ್ಲಿಗೆ ಅಂತ ಬರೆದುಕೊಟ್ಟು ಕೇಳಿ. ಊರಿಂದ ಊರಿಗೆ ಹೋಗುವ ಹಾದಿ, ಗಾಯರಾಣ (ಊರ ದನ ಮೇಯುವ ಜಾಗ), ಖಾಸಗಿ ಗೇರುತೋಟದ ಅಂಚು, ಇವೆಲ್ಲ ಊರವರನ್ನು ಕೇಳಿದರೆ ಸಿಗುತ್ತವೆ. ನಾನು ಹೆಚ್ಚು ಓಡಾಡುವುದು ಇಂಥ ಕಡೆಗಳಲ್ಲೇ.

ಯಾವ ತಿಂಗಳು ಚಲೋ? ಮಳಿಗಾಲದಾಗ ಬಂದ್ರ ಹೆಂಗ?

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಚೆನ್ನ. ನೆಲ ಗಟ್ಟಿ ಇರುತ್ತದೆ, ದೂಳು ಇನ್ನೂ ಎದ್ದಿರುವುದಿಲ್ಲ. ಮಾರ್ಚ್ ನಂತರ ಒಣಗಿದ ಎಲೆ ಹಾದಿಯನ್ನೇ ಮುಚ್ಚಿಬಿಡುತ್ತದೆ, ಅಡಿಯ ಕಲ್ಲು ಕಾಣುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾದಿಗೆ ರಜೆ ಕೊಡಿ. ಬೆಳಗಾವಿಯ ಮಳೆಗೂ ಮಲಪ್ರಭೆ ಹುಟ್ಟುವ ಕಣಕುಂಬಿಯ ಮಳೆಗೂ ಅಜಗಜಾಂತರ. ಊರಲ್ಲಿ ಜಿಟಿಜಿಟಿ ಇದ್ದಾಗ ಅಲ್ಲಿ ಹಳ್ಳ ತುಂಬಿ ಹರಿಯುತ್ತಿರುತ್ತದೆ. ಹಸಿ ಮಣ್ಣಿನಲ್ಲಿ ಗಾಲಿ ಎಳೆದ ಗೆರೆಯೇ ಮುಂದಿನ ಮಳೆಗೆ ಕಾಲುವೆಯಾಗುತ್ತದೆ. ಎರಡು ಮಳೆ ಕಳೆಯುವಷ್ಟರಲ್ಲಿ ಅದು ಕೊರಕಲು. ಆ ಹಾದಿಯಲ್ಲಿ ದಿನಾ ನಡೆಯುವವರು ನಾವಲ್ಲ, ಊರವರು.

ಕರಡಿ, ಕಾಡುಕೋಣ ಅಡ್ಡ ಬಂದ್ರೆ?

ಖಾನಾಪುರ ಕಾಡಿನಲ್ಲಿ ಎರಡೂ ಇವೆ. ಬೆಳಕು ಸರಿಯಾಗಿ ಹರಿದ ಮೇಲೆ ಹೊರಡಿ, ಸಂಜೆ ಐದರೊಳಗೆ ಹೊರಗೆ ಬನ್ನಿ. ಕರಡಿ ಹೆಚ್ಚು ಓಡಾಡುವುದು ಮುಂಜಾವಿಗೆ ಮತ್ತು ಕತ್ತಲಾಗುವಾಗ. ಸೈಕಲ್ ಸದ್ದಿಲ್ಲದೆ ಬರುವುದೇ ತೊಂದರೆ. ಪ್ರಾಣಿಗೆ ನಾವು ಬರುವುದು ಗೊತ್ತಾಗುವುದಿಲ್ಲ, ತಿರುವಿನಲ್ಲಿ ಮುಖಾಮುಖಿ ಆಗಿಬಿಡುತ್ತದೆ. ಅದಕ್ಕೇ ಹ್ಯಾಂಡಲ್‌ಗೆ ಸಣ್ಣ ಗಂಟೆ ಕಟ್ಟಿ, ಮಾತಾಡುತ್ತಾ ಹೋಗಿ. ಕಾಡುಕೋಣ ಕಂಡರೆ ದೂರದಲ್ಲೇ ನಿಲ್ಲಿ. ಅದು ತಾನಾಗಿ ಸರಿಯುವವರೆಗೆ ಕಾಯಿರಿ, ಇಲ್ಲವೇ ಬಂದ ದಾರಿಯಲ್ಲಿ ಮೆಲ್ಲಗೆ ವಾಪಸ್ ಹೋಗಿ. ಫೋಟೋಗೆಂದು ಹತ್ತಿರ ಹೋಗಬೇಡಿ.

ಇಂಬಳ, ಉಣ್ಣೆ ಕಾಟಕ್ಕೆ ಏನು ಮಾಡ್ತೀರಿ?

ಇಂಬಳ ಮಳೆಗಾಲದ ಜೀವ. ಕಚ್ಚಿದರೆ ರಕ್ತ ತುಸು ಹೊತ್ತು ನಿಲ್ಲುವುದಿಲ್ಲ, ಆದರೆ ದೊಡ್ಡ ಅಪಾಯವಿಲ್ಲ. ಉಗುರಿನಿಂದ ಬದಿಗೆ ತಳ್ಳಿ ತೆಗೆಯಿರಿ, ಗಾಯ ತೊಳೆಯಿರಿ.

ಉಣ್ಣೆಯನ್ನು ಮಾತ್ರ ಹಗುರವಾಗಿ ತಗೊಳ್ಳಬೇಡಿ. ಮಂಗನ ಕಾಯಿಲೆ ಹರಡುವುದು ಅದರಿಂದ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ರೋಗ ಇದು. ಚೋರ್ಲಾ ಘಾಟ್ ಇಳಿದರೆ ಸಿಗುವ ಗೋವಾದ ಸತ್ತರಿ ಭಾಗದಲ್ಲೂ ಬಂದಿದೆ. ಅದರ ಕಾಲ ಡಿಸೆಂಬರ್‌ನಿಂದ ಮೇ, ಅಂದರೆ ಸರಿಯಾಗಿ ನಾವು ಸೈಕಲ್ ಹೊಡೆಯುವ ಕಾಲ. ಉದ್ದ ಸಾಕ್ಸು ಹಾಕಿ. ತರಗೆಲೆ ಮೇಲೆ ಕೂರಬೇಡಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ, ತೊಡೆಸಂದು, ಕಂಕುಳು ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಒಂದೆರಡು ವಾರದೊಳಗೆ ಜ್ವರ, ವಿಪರೀತ ತಲೆನೋವು ಬಂದರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದನ್ನು ಮೊದಲೇ ಹೇಳಿ.

ದನ ಕಾಯೋರು ನಮ್ಮನ್ನ ಕಂಡ್ರೆ ಬೈತಾರಲ್ರಿ?

ಅವರ ಸಿಟ್ಟಿಗೆ ಕಾರಣ ಇರುತ್ತದೆ. ಬೆದರಿದ ಎಮ್ಮೆ ಕಾಡೊಳಗೆ ನುಗ್ಗಿದರೆ ಹುಡುಕುತ್ತಾ ಅವರ ಅರ್ಧ ದಿನ ಹೋಗುತ್ತದೆ. ಕೊರಳ ಗಂಟೆಯ ಸದ್ದು ಕೇಳಿದ ಕೂಡಲೇ ವೇಗ ಇಳಿಸಿ. ದನ ಕಂಡರೆ ಇಳಿಯಿರಿ, ಹಾದಿಯ ಕೆಳಬದಿಗೆ ಸರಿದು ನಿಂತು ಅವು ದಾಟಲಿ ಅಂತ ಬಿಡಿ. "ನಮಸ್ಕಾರ್ರಿ ಕಾಕಾ, ಮುಂದ ಹಾದಿ ಹೆಂಗೈತ್ರಿ?" ಅಂತ ಕೇಳಿ. ಗಡಿಭಾಗದ ಊರುಗಳಲ್ಲಿ ಮರಾಠಿಯೇ ಹೆಚ್ಚು, ಅದರಲ್ಲಿ ಎರಡು ಮಾತು ಬಂದರೆ ಇನ್ನೂ ಒಳ್ಳೆಯದು. ಯಾವ ಹಳ್ಳದಲ್ಲಿ ನೀರಿದೆ, ಎಲ್ಲಿ ಮರ ಬಿದ್ದಿದೆ, ನಿನ್ನೆ ಕರಡಿ ಎಲ್ಲಿ ಕಂಡಿತ್ತು ಅನ್ನುವುದು ಅವರಿಗೆ ಗೊತ್ತಿರುವಷ್ಟು ಯಾವ ಮ್ಯಾಪಿಗೂ ಗೊತ್ತಿಲ್ಲ.

## ಕಲ್ಲಿನ ಮೇಲೆ

ಕಲ್ಲು ಕಂಡ ಕೂಡ್ಲೇ ಕೈ ತಾನೇ ಬ್ರೇಕ್ ಹಿಡೀತದೆ, ಬಿದ್ದುಬಿಡ್ತೀನಿ. ಏನು ತಪ್ಪು ಮಾಡ್ತಿದ್ದೀನಿ?

ಎಲ್ಲರೂ ಮಾಡುವ ತಪ್ಪೇ ಇದು. ಇದೊಂದು ಬಗೆಹರಿದರೆ ಅರ್ಧ ವಿದ್ಯೆ ಬಂದಂತೆ. ಉರುಳುವ ಗಾಲಿ ಕಲ್ಲನ್ನು ಹತ್ತಿ ಇಳಿಯುತ್ತದೆ. ಬ್ರೇಕು ಹಿಡಿದ ಗಾಲಿ ಕಲ್ಲಿಗೆ ಬಡಿದು ನಿಲ್ಲುತ್ತದೆ, ನೀವು ಮುಂದೆ ಹೋಗುತ್ತೀರಿ. ಹಾಗಾಗಿ ವೇಗವನ್ನೆಲ್ಲ ಕಲ್ಲು ಬರುವ ಮೊದಲೇ, ಸಪಾಟು ನೆಲದಲ್ಲೇ ಇಳಿಸಿಬಿಡಿ. ಕಲ್ಲಿನ ಮೇಲೆ ಬ್ರೇಕು ಬಿಡಿ.

ಎರಡನೆಯದು ಕಣ್ಣು. ಹೊಸಬರು ಮುಂದಿನ ಗಾಲಿಯ ಬುಡವನ್ನೇ ನೋಡುತ್ತಾರೆ. ಕಣ್ಣು ಯಾವ ಕಲ್ಲಿನ ಮೇಲೆ ನಿಂತಿತೋ ಗಾಲಿ ಅದಕ್ಕೇ ಹೋಗಿ ಬಡಿಯುತ್ತದೆ. ನಾಲ್ಕೈದು ಮೀಟರ್ ಮುಂದೆ ನೋಡಿ, ಕಲ್ಲಿನ ಬದಲು ಕಲ್ಲುಗಳ ನಡುವಿನ ಸಂದಿಯನ್ನು ಹುಡುಕಿ. ಇದಕ್ಕೆ ನಾವು ಹಾದಿ ಓದುವುದು ಅನ್ನುತ್ತೇವೆ. ನನಗೆ ಇದು ತಲೆಗೆ ಹೋದದ್ದು ಎಮ್ಮೆಗಳ ಹಿಂದೆ ನಡೆದಾಗ. ಜಾಂಬೋಟಿ ಹತ್ತಿರದ ಒಂದು ಇಳಿಜಾರಿನಲ್ಲಿ ಹನ್ನೆರಡು ಎಮ್ಮೆ ನನ್ನ ಮುಂದೆ ಇಳಿಯುತ್ತಿದ್ದವು. ದೊಡ್ಡ ಬಂಡೆಯ ಹತ್ತಿರ ನಾನು ದಿನಾ ಕೆಳಬದಿಯಿಂದ ಹೋಗಿ ಜಾರುತ್ತಿದ್ದೆ. ಎಮ್ಮೆಗಳು ಒಂದೂ ಬಿಡದೆ ಮೇಲ್ಬದಿಯಿಂದ ಸುತ್ತಿ ಹೋದವು. ಹತ್ತಿರ ಹೋಗಿ ನೋಡಿದರೆ ಅಲ್ಲಿ ಗೊರಸು ತಗುಲಿ ನುಣುಪಾದ, ಗಟ್ಟಿಯಾದ ಒಂದು ಗೇಣಗಲದ ಮಣ್ಣಿನ ಪಟ್ಟಿ ಇತ್ತು. ಕೆಳಬದಿಯಲ್ಲಿದ್ದದ್ದು ಬರೀ ಸಡಿಲ ಹರಳು.

ಮೂರನೆಯದು ಮೈ. ಸೀಟಿನಿಂದ ಎದ್ದು ನಿಲ್ಲಿ, ಎರಡೂ ಪೆಡಲ್ ಒಂದೇ ಮಟ್ಟಕ್ಕಿರಲಿ, ಹಿಮ್ಮಡಿ ಕೆಳಗೆ ಒತ್ತಿ, ಮೊಣಕೈ ಹೊರಗೆ ಬಾಗಿರಲಿ. ಸೈಕಲ್ ಕೆಳಗೆ ಕುಣಿಯಲಿ, ನಿಮ್ಮ ಎದೆ ಕುಣಿಯಬಾರದು. ಹ್ಯಾಂಡಲನ್ನು ಬಿಗಿಯಾಗಿ ಹಿಂಡಿದರೆ ಪ್ರತಿ ಪೆಟ್ಟೂ ಭುಜಕ್ಕೆ ಬರುತ್ತದೆ.

ಗಾಲಿಗೆ ಹವಾ ಎಷ್ಟು ಇಡಬೇಕು? ಅಂಗಡಿಯಾಂವ ಗಟ್ಟಿಯಾಗಿ ಹೊಡೆದು ಕೊಡ್ತಾನೆ.

ಅಂಗಡಿಯವರು ರಸ್ತೆ ಲೆಕ್ಕದಲ್ಲಿ ಹೊಡೆಯುತ್ತಾರೆ, ಹವಾದ ಒತ್ತಡ ಅಳೆಯುವ ಲೆಕ್ಕದಲ್ಲಿ ಐವತ್ತು ಅರವತ್ತು ಪಿಎಸ್‌ಐ. ಅಷ್ಟು ಹವಾ ಇದ್ದರೆ ಟೈರು ಕಲ್ಲಿನ ಮೇಲೆ ಚೆಂಡಿನಂತೆ ಪುಟಿಯುತ್ತದೆ, ಹಿಡಿತ ಸಿಗುವುದಿಲ್ಲ. ಹವಾ ಇಳಿಸಿದರೆ ಟೈರು ಕಲ್ಲಿನ ಆಕಾರಕ್ಕೆ ಬಾಗಿ ಅದನ್ನು ಕಚ್ಚಿಕೊಳ್ಳುತ್ತದೆ.

70 ಕಿಲೋ ತೂಕದವರು, 2.2 ಇಂಚಿನ ಟೈರು, ಒಳಗೆ ಟ್ಯೂಬು ಇದ್ದರೆ ಮುಂದೆ 28, ಹಿಂದೆ 32ರಿಂದ ಶುರು ಮಾಡಿ. ಟ್ಯೂಬ್‌ಲೆಸ್ (ಒಳಗೆ ಟ್ಯೂಬಿಲ್ಲದ ಟೈರು) ಆದರೆ ಮುಂದೆ 22, ಹಿಂದೆ 25. ಆಮೇಲೆ ಒಂದೊಂದೇ ಪಿಎಸ್‌ಐ ಬದಲಾಯಿಸಿ ನೋಡಿ. ಕಲ್ಲಿಗೆ ರಿಮ್ಮು ಠಣ್ ಅಂತ ತಾಗಿದರೆ ಕಡಿಮೆ ಆಗಿದೆ ಅಂತ. ಟ್ಯೂಬಿನಲ್ಲಿ ಹಾವು ಕಚ್ಚಿದ ಗುರುತಿನಂತೆ ಎರಡು ತೂತು ಜೋಡಿಯಾಗಿ ಕಂಡರೆ ಅದು ಮುಳ್ಳಿನದಲ್ಲ, ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಟ್ಯೂಬು ಹರಿದದ್ದು. ಡಿಜಿಟಲ್ ಗೇಜು ಒಂದು ಕೊಳ್ಳಿ. ಹೆಬ್ಬೆರಳಿನ ಅಂದಾಜು ಇಲ್ಲಿ ನಡೆಯುವುದಿಲ್ಲ.

ಏರಿನಲ್ಲಿ ಹಿಂದಿನ ಗಾಲಿ ಗರಗರ ತಿರುಗಿ ನಿಂತುಬಿಡ್ತದೆ.

ಎದ್ದು ನಿಂತು ತುಳಿಯುತ್ತಿದ್ದೀರಿ, ಹಿಂದಿನ ಗಾಲಿಯ ಮೇಲೆ ಭಾರವೇ ಇಲ್ಲ. ಸೀಟಿನ ಮುಂತುದಿಗೆ ಸರಿದು ಕೂತು, ಎದೆ ಹ್ಯಾಂಡಲ್ ಕಡೆಗೆ ಬಗ್ಗಿಸಿ. ಏರು ಶುರುವಾಗುವ ಮೊದಲೇ ಗೇರು ಇಳಿಸಿ, ನಡುವೆ ಇಳಿಸಿದರೆ ಚೈನು ಕಡಿಯಬಹುದು. ತೀರಾ ಹಗುರದ ಗೇರೂ ಬೇಡ. ದೊಡ್ಡ ಕಲ್ಲಿನ ಹತ್ತಿರ ಪೂರ್ತಿ ಸುತ್ತು ತುಳಿಯದೆ ಅರ್ಧ ಮುಂದೆ, ಅರ್ಧ ಹಿಂದೆ ತಿರುಗಿಸಿ. ಪೆಡಲ್ ಕಲ್ಲಿಗೆ ಬಡಿಯುವುದು ತಪ್ಪುತ್ತದೆ.

ಗೋಕಾಕದಾಗ ಬಂಡೆ ಮ್ಯಾಲೆ ಚಲೋ ಹಿಡೀತು, ಇಲ್ಲಿ ಜಾರ್ತೀನಿ. ಯಾಕ?

ಕಲ್ಲೇ ಬೇರೆ. ಗೋಕಾಕ, ಬಾದಾಮಿ ಕಡೆಯದು ಮರಳುಗಲ್ಲು. ಒಣಗಿದಾಗ ಉಪ್ಪುಕಾಗದದ ಹಾಗೆ ಟೈರನ್ನು ಹಿಡಿಯುತ್ತದೆ. ಬೆಳಗಾವಿ, ಖಾನಾಪುರದ ಗುಡ್ಡಗಳಲ್ಲಿ ಅಡಿಯಲ್ಲಿ ಕರಿಕಲ್ಲು, ಮೇಲೆ ಜಂಬಿಟ್ಟಿಗೆ. ಜಂಬಿಟ್ಟಿಗೆಯ ಹಾಸು ತೂತುತೂತಾಗಿ ಒರಟಾಗಿರುತ್ತದೆ, ಒಣಗಿದ್ದರೆ ಒಳ್ಳೆಯ ಹಿಡಿತ. ಅದರಿಂದ ಉದುರಿದ ದುಂಡು ಹರಳು ಮಾತ್ರ ಕಡಲೆ ಚೆಲ್ಲಿದ ನೆಲದ ಹಾಗೆ. ಹರಳಿನ ಮೇಲೆ ತಿರುಗಿಸಬೇಡಿ, ಬ್ರೇಕು ಹಿಡಿಯಬೇಡಿ, ನೇರ ದಾಟಿ. ನೆರಳಿನ ಕರಿಕಲ್ಲಿನ ಮೇಲೆ ಡಿಸೆಂಬರ್‌ನಲ್ಲೂ ಪಾಚಿ ಇರಬಹುದು. ಕಪ್ಪಗೆ ಹೊಳೆಯುತ್ತಿದ್ದರೆ ಇಳಿದುಬಿಡಿ.

ಗುಂಪಿನಾಗ ನಾ ಒಬ್ನೇ ಇಳಿದು ನಡೀತೀನಿ. ನಾಚಿಕೆ ಆಗ್ತದ.

ನಾಚಬೇಡಿ. ಹನ್ನೆರಡು ವರ್ಷದಿಂದ ಸೈಕಲ್ ಹೊಡೆಯುತ್ತಿರುವ ನಾನು ಪ್ರತಿ ವಾರ ಇಳಿದು ನಡೆಯುತ್ತೇನೆ. ಇಳಿದಾಗ ಸುಮ್ಮನೆ ದಾಟಬೇಡಿ. ಮೇಲೆ ನಿಂತು ನೋಡಿ, ಕೆಳಗೆ ಹೋಗಿ ತಿರುಗಿ ನೋಡಿ. ಕೆಳಗಿನಿಂದ ಹಾದಿ ಬೇರೆಯೇ ಕಾಣುತ್ತದೆ.

## ಸ್ವಲ್ಪ ಪಳಗಿದವರಿಗೆ

ಟ್ಯೂಬ್‌ಲೆಸ್ ಮಾಡಿಸಿದ್ರೆ ಪಂಚರ್ ಆಗೋದೇ ಇಲ್ವಾ?

ಆಗುತ್ತದೆ, ಆದರೆ ತಾನೇ ಮುಚ್ಚಿಕೊಳ್ಳುತ್ತದೆ. ಬಾಗಲಕೋಟೆ, ವಿಜಯಪುರದವರಂತೂ ಮಾಡಿಸಲೇಬೇಕು. ಅಲ್ಲಿ ಬಳ್ಳಾರಿ ಜಾಲಿ, ನೆಗ್ಗಿಲು ಮುಳ್ಳಿನ ಕಾಟ. ನೆಗ್ಗಿಲು ಹೇಗೆ ಬಿದ್ದರೂ ಒಂದು ಮುಳ್ಳು ಮೇಲೆ ಮುಖ ಮಾಡಿಯೇ ಇರುತ್ತದೆ. ಗಾಲಿಗೆ 80 ರಿಂದ 100 ಮಿಲಿಲೀಟರ್ ಸೀಲೆಂಟ್, ಅಂದರೆ ತೂತು ಮುಚ್ಚುವ ದ್ರವ, ಹಾಕಿ. ನಮ್ಮ ಬಿಸಿಲಿಗೆ ಎರಡು ಮೂರು ತಿಂಗಳಲ್ಲಿ ಒಣಗುತ್ತದೆ, ಕಿವಿಯ ಹತ್ತಿರ ಗಾಲಿ ಅಲುಗಾಡಿಸಿ, ಗುಳುಗುಳು ಸದ್ದು ಇಲ್ಲವಾದರೆ ಮತ್ತೆ ತುಂಬಿಸಿ. ಚೀಲದಲ್ಲಿ ಒಂದು ಟ್ಯೂಬು ಇರಲೇಬೇಕು. ಕಲ್ಲು ಟೈರಿನ ಪಕ್ಕೆ ಸೀಳಿದರೆ ಸೀಲೆಂಟ್ ನಿಲ್ಲಿಸುವುದಿಲ್ಲ.

ಫೋರ್ಕಿಗೆ ಎಷ್ಟು ಹವಾ? ಅದರ ಮೇಲಿನ ರಬ್ಬರ್ ಉಂಗುರ ಯಾತಕ್ಕೆ?

ಉಂಗುರ ಅದಕ್ಕೇ ಇರುವುದು. ನೀರಿನ ಚೀಲ ಸಮೇತ ಸೈಕಲ್ ಮೇಲೆ ನಿಲ್ಲಿ, ಉಂಗುರವನ್ನು ಕೆಳಗೆ ತಳ್ಳಿ, ಮೆಲ್ಲಗೆ ಇಳಿಯಿರಿ. 100 ಮಿಲಿಮೀಟರ್ ಫೋರ್ಕಿನಲ್ಲಿ ಉಂಗುರ 15 ರಿಂದ 20 ಮಿಲಿಮೀಟರ್ ಸರಿದಿದ್ದರೆ ಸರಿ. ಇದಕ್ಕೆ ಫೋರ್ಕಿಗೆ ಹವಾ ತುಂಬುವ ಶಾಕ್ ಪಂಪ್ ಬೇರೆ ಬೇಕು, ಅಂಗಡಿಯ ಕಂಪ್ರೆಸರ್ ಹಚ್ಚಬೇಡಿ.

ಕೆಮ್ಮಣ್ಣು ಚೈನಿಗೆ ಹತ್ತಿ ಕರಕರ ಅಂತದ. ಎಂಜಿನ್ ಆಯಿಲ್ ಹಾಕಲಾ?

ಬೇಡ. ಎಂಜಿನ್ ಆಯಿಲಿಗೆ ದೂಳು ಅಂಟಿ ಅರೆಯುವ ಕಲ್ಲಿನಂತಾಗುತ್ತದೆ. ಚೈನನ್ನು ಒರೆಸಿ, ಒಣ ಹವೆಗೆಂದು ಮಾಡಿದ ಚೈನಿನ ಲ್ಯೂಬನ್ನು (ಎಣ್ಣೆಯನ್ನು) ಕೊಂಡಿಗೆ ಒಂದೊಂದೇ ಹನಿ ಹಾಕಿ, ಹತ್ತು ನಿಮಿಷ ಬಿಟ್ಟು ಮೇಲಿನದನ್ನು ಒರೆಸಿಬಿಡಿ. ಎಣ್ಣೆ ಕೈಯಲ್ಲಿ ಡಿಸ್ಕ್ ಮುಟ್ಟಬೇಡಿ, ಬ್ರೇಕು ಕೀರಲಾಡುತ್ತದೆ, ಹಿಡಿಯುವುದಿಲ್ಲ.

ಬಿದ್ದಾಗ ಮಣಿಕಟ್ಟು ಉಳುಕ್ತು. ಎಕ್ಸ್‌ರೇ ಸರಿ ಬಂದಿದೆ. ಓಡಿಸಬಹುದಾ?

ಹೆಬ್ಬೆರಳನ್ನು ಹಿಗ್ಗಿಸಿದಾಗ ಅದರ ಬುಡದಲ್ಲಿ ಸಣ್ಣ ಗುಳಿ ಬೀಳುತ್ತದೆ. ಅಲ್ಲಿ ಒತ್ತಿದರೆ ನೋವಿದೆಯಾ? ಇದ್ದರೆ ಓಡಿಸಬೇಡಿ. ಅಲ್ಲಿನ ಸ್ಕ್ಯಾಫಾಯ್ಡ್ ಅನ್ನುವ ಪುಟ್ಟ ಮೂಳೆಯ ಸೀಳು ಮೊದಲ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ನನಗೆ ಹಾಗೇ ಆಯಿತು. ಉಳುಕು ಅಂದುಕೊಂಡು ಮೂರು ವಾರ ಓಡಿಸಿದೆ, ಎರಡನೇ ಎಕ್ಸ್‌ರೇಯಲ್ಲಿ ಗೆರೆ ಕಂಡಿತು. ಆಮೇಲೆ ಹನ್ನೆರಡು ವಾರ ಪ್ಲಾಸ್ಟರ್. ಆ ಮೂಳೆಗೆ ರಕ್ತ ಹರಿಯುವುದು ಕಡಿಮೆ, ತಡ ಮಾಡಿದರೆ ಕೂಡಿಕೊಳ್ಳದೇ ಹೋಗಬಹುದು. ಹತ್ತು ಹದಿನಾಲ್ಕು ದಿನಕ್ಕೆ ಮತ್ತೆ ತೋರಿಸಿ.

ದೊಡ್ಡ ಹಾದಿಗೆ ಬುತ್ತಿ ಏನು? ಒಬ್ಬನೇ ಹೋಗಬಹುದಾ?

ಒಬ್ಬರೇ ಬೇಡ. ಮೂವರಿದ್ದರೆ ಒಬ್ಬರಿಗೆ ಪೆಟ್ಟಾದಾಗ ಒಬ್ಬರು ಜೊತೆಗಿದ್ದು ಇನ್ನೊಬ್ಬರು ಹೋಗಿ ಜನ ಕರೆಯಬಹುದು. ಫೋನ್ ಸಿಗ್ನಲ್ ಎಷ್ಟೋ ಕಡೆ ಇಲ್ಲ. ಎಲ್ಲಿಗೆ, ಎಷ್ಟಕ್ಕೆ ವಾಪಸ್ ಅಂತ ಮನೆಯಲ್ಲಿ ಹೇಳಿ ಹೋಗಿ. 108, 112 ಎರಡೂ ನೆನಪಿರಲಿ. ಬುತ್ತಿಗೆ ನಮ್ಮ ಕರದಂಟಿಗಿಂತ ಒಳ್ಳೆಯದು ನಾನು ಕಂಡಿಲ್ಲ. ಬೆಲ್ಲ, ಅಂಟು, ಒಣಹಣ್ಣು, ಬಿಸಿಲಿಗೂ ಕರಗದು. ಜೊತೆಗೆ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಮೂರು ಲೀಟರ್ ನೀರು.

ಒಂದು ಕಲ್ಲು ಯಾವಾಗ್ಲೂ ಅಡ್ಡ ಬರ್ತದ. ಅದನ್ನ ಕಿತ್ತು ಸರಿಸಬಹುದಾ?

ಬಿದ್ದ ಟೊಂಗೆ ಬದಿಗೆ ಎಳೆಯಿರಿ, ಮುಳ್ಳು ಎತ್ತಿಹಾಕಿ. ಹೂತ ಕಲ್ಲನ್ನು ಮುಟ್ಟಬೇಡಿ. ಇಳಿಜಾರಿನಲ್ಲಿ ಮೇಲಿನ ಮಣ್ಣನ್ನು ಹಿಡಿದಿರುವುದೇ ಅದು. ಕಿತ್ತರೆ ಮೊದಲ ಮಳೆಗೇ ಹಾದಿ ಕೊಚ್ಚಿ ಹೋಗುತ್ತದೆ. ಕಾಡಿನ ಜಾಗದಲ್ಲಿ ಅಗೆಯುವುದು ಅಪರಾಧವೂ ಹೌದು. ಕಣಕುಂಬಿ ಹಾದಿಯಲ್ಲಿ ಹಳ್ಳ ದಾಟಿದ ಕೂಡಲೇ ಒಂದು ಕಲ್ಲಿದೆ, ಮೊಣಕಾಲೆತ್ತರ, ಎಡಕ್ಕೆ ಓರೆ. ಮೂರು ವರ್ಷ ನಾನು ಅಲ್ಲಿ ಇಳಿದೇ ನಡೆದೆ. ಹೋದ ಜನವರಿಯಲ್ಲಿ ಬಲಗಡೆಯ ಬೇರಿನ ಮೇಲೆ ಮುಂದಿನ ಗಾಲಿ ಇಟ್ಟು ನೋಡಿದೆ, ಹತ್ತಿತು. ಈಗ ಹತ್ತು ಸಲಕ್ಕೆ ನಾಲ್ಕು ಸಲ ದಾಟುತ್ತೇನೆ.